ತೂಬು ಯಾವಾಗ

ಭಾನುವಾರವಾದರೂ ಆರೂ ಇಪ್ಪತ್ತಕ್ಕೇ ಫೋನು ಗುರ್ರೆಂದಿತು. ಭಾನುಪ್ರಿಯಾ ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಬಚ್ಚಲಿನಿಂದ ಬಂದು ನೋಡಿದಳು. ಚನ್ನಕೇಶವನದೇ. 'ಶುಭೋದಯ. ತೂಬು ಯಾವಾಗ?' ಗುಂಪಿನ ನಲವತ್ತೊಂದು ಜನಕ್ಕೂ ಅವನು ದಿನಾ ಇದೇ ಹೊತ್ತಿಗೆ ಕೇಳುವ ಪ್ರಶ್ನೆ. ಕೇಳಿದ ಮೇಲೆ ಗೌರಿಬಿದನೂರು ಸ್ಟೇಷನ್ನಿನಲ್ಲಿ ತನ್ನ ಟಿಕೆಟ್ ಕಿಟಕಿ ತೆಗೆಯಲು ಹೋಗುತ್ತಾನೆ. ಹತ್ತು ನಿಮಿಷದೊಳಗೆ ಉತ್ತರಗಳು ಬರತೊಡಗುತ್ತವೆ. ಮುಂದಿನ ತಿಂಗಳು ಅನ್ನುವವರು, ಬರೋದೇ ಇಲ್ಲ ಬಿಡಿ ಅನ್ನುವವರು, ರಟ್ಟಿನ ಬೆಲೆ ಏರಿದೆಯಂತೆ ಅನ್ನುವವರು. ದುಬೈನಲ್ಲಿರುವ ಒಬ್ಬ ಮಾತ್ರ ಪ್ರತಿದಿನ 'ಕಂಟೇನರ್ ಸಮುದ್ರದಲ್ಲಿದೆ' ಎಂದಷ್ಟೇ ಬರೆಯುತ್ತಾನೆ, ಆ ಸಮುದ್ರ ಯಾವುದು ಎಂದು ಯಾರೂ ಕೇಳುವುದಿಲ್ಲ. ಅವಳು ಬಾಯಿ ಮುಕ್ಕಳಿಸಿ ಬಂದು, ಕಾಫಿಗೆ ನೀರಿಟ್ಟು, ತಾನೂ ಏನಾದರೂ ಬರೆಯಬೇಕೆಂದು ಫೋನು ಕೈಗೆತ್ತಿಕೊಂಡವಳು, ಇವತ್ತು ಹೇಗೂ ಎದುರೇ ಸಿಗುತ್ತೇವಲ್ಲ ಎಂದು ಕೆಳಗಿಟ್ಟಳು.

ತೂಬು ಎಂದರೆ ಒಂದು ಆಟ. ನಾಲ್ಕು ಜನ ಮೇಜಿನ ಸುತ್ತ ಕೂತು ಆಡುವಂಥದ್ದು: ರಟ್ಟಿನ ಹಲಗೆಯ ಮೇಲೆ ಒಂದರ ಕೆಳಗೊಂದು ಕೆರೆ, ಮರದ ನೀಲಿ ಬಿಲ್ಲೆಗಳೇ ನೀರು, ಮೇಲಿನವನು ತೂಬೆತ್ತಿ ನೀರು ಬಿಟ್ಟರೆ ಕೆಳಗಿನವನಿಗೆ ಬೆಳೆ. ಬೆಂಗಳೂರಿನ ಒಂದು ಸಣ್ಣ ಕಂಪನಿಯವರು ಮಾಡುತ್ತಿದ್ದರು. ಅದೇ ಕಂಪನಿಯ 'ಸಂತೆಬೀದಿ' ಎನ್ನುವ ಆಟ ಮೂರು ವರ್ಷದ ಹಿಂದೆ ಬಂದು, ಕನ್ನಡದಲ್ಲೇ ಇದ್ದದ್ದಕ್ಕೋ ಏನೋ, ಅಲ್ಲೊಬ್ಬರು ಇಲ್ಲೊಬ್ಬರಿಗೆ ಹುಚ್ಚು ಹಿಡಿಸಿತ್ತು. ಅವರೆಲ್ಲ ಸೇರಿ ಕಟ್ಟಿಕೊಂಡ ವಾಟ್ಸಾಪ್ ಗುಂಪು ಇದು. ಎರಡು ವರ್ಷದಿಂದ ಅವರು ಕಾಯುತ್ತಿದ್ದಾರೆ. ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಎಂದರೆ, ತೂಬಿನ ಅರವತ್ತು ಕಾರ್ಡುಗಳ ಚಿತ್ರ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದವಳು ಚಿಂತಾಮಣಿಯ ಖಾಸಗಿ ಶಾಲೆಯೊಂದರ ಡ್ರಾಯಿಂಗ್ ಟೀಚರ್, ಈ ಭಾನುಪ್ರಿಯಾ. ನಲವತ್ತೇಳು ಬರೆದು, ಹದಿಮೂರು ಉಳಿಸಿಕೊಂಡು, ಹೋದ ವರ್ಷದ ಫೆಬ್ರವರಿಯಲ್ಲಿ ನಿಲ್ಲಿಸಿದವಳು.

ಯಾಕೆ ನಿಲ್ಲಿಸಿದೆ ಎಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ. ನಲವತ್ತೆಂಟನೆಯ ಕಾರ್ಡು ಕುರಿ ಕಾಯುವವಳದ್ದು. ಒಂದು ಶನಿವಾರ ಪೆನ್ಸಿಲ್ ಹಿಡಿದು ಕೂತಳು, ಬರಲಿಲ್ಲ, ಎದ್ದು ಬಟ್ಟೆ ಒಗೆದಳು, ಅಷ್ಟೆ. ಕಂಪನಿಯ ಸಿದ್ಧಾರ್ಥ್ ಮೇಲ್ ಮಾಡಿದ, 'ಹೇಗೆ ನಡೀತಿದೆ ಮೇಡಂ?' ಪರೀಕ್ಷೆ ಕೆಲಸ, ಮುಂದಿನ ವಾರ ಎಂದಳು. ಮುಂದಿನ ವಾರ ಜ್ವರ ಎಂದಳು. ಜ್ವರ ಬಂದಿರಲಿಲ್ಲ. ಮೂರನೆಯ ಮೇಲ್ ಬಂದಾಗ ತೆರೆಯದೆ, ಬರೆದು ಮುಗಿಸಿ ಒಂದೇ ಸಲ ಉತ್ತರ ಕೊಡೋಣ ಅಂದುಕೊಂಡಳು. ದಿನ ಹೋದಷ್ಟೂ ಆ ಉತ್ತರ ದೊಡ್ಡದಾಗಬೇಕಿತ್ತು. ಒಂದು ವಾರದ ತಡಕ್ಕೆ ಒಂದು ಸಾಲು ಸಾಕು, ಮೂರು ತಿಂಗಳ ತಡಕ್ಕೆ ಎಷ್ಟು ಸಾಲು ಬೇಕು? ಅವನ ಫೋನು ಬಂದಾಗ ಬಡಿದುಕೊಂಡು ತಾನೇ ನಿಲ್ಲುವವರೆಗೂ ಅದನ್ನು ದಿಂಬಿನ ಕೆಳಗೆ ಇಡುತ್ತಿದ್ದಳು. ಆಮೇಲೆ ಅವೂ ನಿಂತವು. ನಿಂತಾಗ ಹಗುರವಾಗಬೇಕಿತ್ತು. ಅದರ ಬದಲು, ಯಾರದೋ ಮನೆಯಲ್ಲಿ ತಾನು ಹಚ್ಚಿಟ್ಟು ಬಂದ ಒಲೆ ಇನ್ನೂ ಉರಿಯುತ್ತಿದೆ ಅನ್ನಿಸತೊಡಗಿತು. ಈ ಗುಂಪಿನ ಕೊಂಡಿ ಕಣ್ಣಿಗೆ ಬಿದ್ದದ್ದು ಆಗಲೇ. ತನ್ನನ್ನು ಎಷ್ಟು ಬೈಯುತ್ತಿದ್ದಾರೆ ನೋಡೋಣವೆಂದು ಒಳಗೆ ಬಂದಳು. ಯಾರೂ ಬೈಯುತ್ತಿರಲಿಲ್ಲ. ಅವರು ಊಹಿಸುತ್ತಿದ್ದರು, ನಗುತ್ತಿದ್ದರು. 'ಭಾನು' ಎಂಬ ಹೆಸರು ನೋಡಿ, ಬನ್ನಿ ಸಾರ್, ನಿಮ್ಮ ಲೆಕ್ಕದಲ್ಲಿ ಯಾವಾಗ? ಎಂದು ಜಾಗ ಮಾಡಿಕೊಟ್ಟರು. ನಾನು ಸಾರ್ ಅಲ್ಲ ಎಂದು ಅವಳು ತಿದ್ದಿದ ಮೇಲೂ ಪ್ರಶ್ನೆ ಅದೇ ಇತ್ತು. ಶಾಲೆಯಿಂದ ಬಂದು ಬೀಗ ತೆಗೆದರೆ ತಾನು ಬೆಳಗ್ಗೆ ಬಿಟ್ಟುಹೋದ ಲೋಟ ಬಿಟ್ಟ ಕಡೆಯೇ ಇರುವ ಮನೆಯಲ್ಲಿ ಒಂಬತ್ತು ವರ್ಷ ಒಬ್ಬಳೇ ಇದ್ದವಳಿಗೆ, ನಿಮ್ಮ ಲೆಕ್ಕದಲ್ಲಿ ಯಾವಾಗ ಎಂದು ಒಬ್ಬರು ಕೇಳಿದ್ದು ಸಣ್ಣ ಸಂಗತಿಯಾಗಿರಲಿಲ್ಲ.

ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಆಷಾಢದ ಗಾಳಿಗೆ ರಸ್ತೆಯ ಬದಿಯ ಹಿಪ್ಪುನೇರಳೆ ತೋಟಗಳು ಒಂದೇ ಕಡೆಗೆ ಬಾಗಿ ಏಳುತ್ತಿದ್ದವು. ಅವಳು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಕೈವಾರದ ಸ್ಕೂಲಿನಲ್ಲಿ ಮೇಷ್ಟ್ರು ಕರ್ನಾಟಕದ ಭೂಪಟ ಬರೆದುಕೊಂಡು ಬನ್ನಿ ಎಂದಿದ್ದರು. ಇಡೀ ಕ್ಲಾಸಿನಲ್ಲಿ ಚಿತ್ರ ಬರುತ್ತಿದ್ದವಳು ಅವಳೊಬ್ಬಳೇ, ಅವಳೇ ಬರೆದಿರಲಿಲ್ಲ. ಮನೇಲಿ ಬಿಟ್ಟು ಬಂದಿದೀನಿ ಮೇಷ್ಟ್ರೇ ಎಂದಳು. ಹೋಗಿ ತಗೊಂಬಾ ಹೋಗು, ನಿಂದೇ ಗೋಡೆಗೆ ಅಂಟಿಸ್ಬೇಕು ಎಂದರು. ಅವಳು ಮನೆಗೆ ಹೋಗಲಿಲ್ಲ, ಸ್ಕೂಲಿಗೂ ವಾಪಸಾಗಲಿಲ್ಲ. ಕಲ್ಲಿನ ಮಂಟಪದ ಹಿಂದೆ, ಬೆಟ್ಟಕ್ಕೆ ಬಂದ ಜನ ಕಾಯಿ ಒಡೆದು ಎಸೆದ ಚಿಪ್ಪುಗಳ ಮಧ್ಯೆ, ಯಾರಾದರೂ ಹುಡುಕಿಕೊಂಡು ಬರುತ್ತಾರೆಂದು ನಡುಗುತ್ತಾ ಸಾಯಂಕಾಲದ ಗಂಟೆಯವರೆಗೂ ಕೂತಿದ್ದಳು. ಬ್ಯಾಗು ತರಲು ಹೋದಾಗ ಕ್ಲಾಸಿಗೆ ಬೀಗ ಬಿದ್ದಿತ್ತು. ಮಾರನೆಯ ದಿನ ಮೇಷ್ಟ್ರು ಏನೂ ಕೇಳಲಿಲ್ಲ. ಅವರಿಗೆ ಮರೆತೇಹೋಗಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮೂಟೆಗಳನ್ನು ಮೇಲಿಂದ ಇಳಿಸುವವರೆಗೆ ಬಸ್ಸು ಕಾಲು ಗಂಟೆ ನಿಂತಿತು. ಇಲ್ಲೇ ಇಳಿದು ವಾಪಸು ಹೋಗಬಹುದು, ಹುಷಾರಿಲ್ಲ ಎಂದು ಒಂದು ಸಂದೇಶ ಹಾಕಿದರೆ ಆಯಿತು. ಎದ್ದು ನಿಂತಳು ಕೂಡ. ಪಕ್ಕದ ಹೆಂಗಸು ಇಳೀತೀಯೇನಮ್ಮ ಎಂದು ಕಾಲು ಸರಿಸಿದಳು. ಇಲ್ಲ ಎಂದು ಮತ್ತೆ ಕೂತಳು. ಇಳಿಯದೆ ಇದ್ದದ್ದು ಚನ್ನಕೇಶವನಿಗಾಗಿ, ಅದು ಅವಳಿಗೆ ಗೊತ್ತಿತ್ತು, ಗೊತ್ತಿರುವುದೂ ಒಂದು ಬಗೆಯ ಕಳ್ಳತನದಂತೆ ಅನ್ನಿಸಿತು.

ಚನ್ನಕೇಶವ ತನ್ನ ವಿಷಯವನ್ನು ಮುಚ್ಚಿಡುವವನಲ್ಲ. ಮದುವೆಯಾಗಿ ಹದಿನೆಂಟು ವರ್ಷ, ಮಕ್ಕಳಿಲ್ಲ. ಹೆಂಡತಿ ಹರಿತಾ. 'ನಮ್ಮನೇಲಿ ಮಾತು ಮುಗಿದುಹೋಗಿದೆ ಸ್ವಾಮಿ,' ಎಂದು ಒಮ್ಮೆ ಗುಂಪಿನಲ್ಲಿ ಬರೆದಿದ್ದ. 'ಸಂತೆಬೀದಿ ಆಡೋವಾಗ ಮಾತ್ರ ಜಗಳ ಆಡ್ತಿದ್ವಿ, ನಗ್ತಿದ್ವಿ. ಈಗ ಅದೂ ಸವೆದುಹೋಯ್ತು. ಅವಳು ಏನು ಇಡ್ತಾಳೆ ನನಗೆ ಗೊತ್ತು, ನಾನೇನು ಇಡ್ತೀನಿ ಅವಳಿಗೆ ಗೊತ್ತು. ತೂಬು ಬಂದ್ರೆ ಮತ್ತೆ ಶುರು.' ಎಲ್ಲರೂ ನಗುವ ಮುಖಗಳನ್ನು ಹಾಕಿದರು. ಭಾನುಪ್ರಿಯಾ ಹಾಕಲಿಲ್ಲ. ಆ ದಿನ ಅವನಿಗೆ ಬೇರೆಯಾಗಿ ಬರೆದಳು, ಯೋಚನೆ ಮಾಡಬೇಡಿ, ಬರುತ್ತೆ ಎಂದು. ಅಲ್ಲಿಂದ ಅವನೂ ಬೇರೆಯಾಗಿ ಬರೆಯತೊಡಗಿದ. ಏನೂ ಇಲ್ಲ, ಸ್ಟೇಷನ್ನಿನ ನಾಯಿ ಮರಿ ಹಾಕಿದ್ದು, ಹಿಂದೂಪುರದ ಗಾಡಿ ತಡವಾದದ್ದು, ಇಂಥವೇ. ಸಂಕ್ರಾಂತಿಯ ಹೊತ್ತಿಗೆ ಒಂದು ಸಲ, 'ನಿಜ ಹೇಳಿ ಭಾನು ಅವರೇ, ನಿಮಗೆ ಒಳಗಿನ ವಿಷಯ ಗೊತ್ತಿರೋ ಹಾಗಿದೆ, ಯಾವಾಗ?' ಎಂದು ಕೇಳಿದ. ಬರುವುದಿಲ್ಲ ಎಂದು ನಿಜವಾಗಿ ಗೊತ್ತಿದ್ದವಳು ಅವಳೊಬ್ಬಳೇ. ಯುಗಾದಿ ಎಂದು ಬರೆದಳು. ಬರೆದು ಮೇಜಿನ ಮುಂದೆ ಕೂತಳು, ಈ ಸಲ ಬರೆದೇಬಿಡುತ್ತೇನೆ ಎಂದು. ಪೆನ್ಸಿಲಿನ ತುದಿ ಕಾಗದಕ್ಕೆ ತಾಗುವ ಹೊತ್ತಿಗೆ ಒಂದು ಯೋಚನೆ ಬಂತು. ಆಟ ಬಂದರೆ ಅವನು ಹರಿತಾಳ ಜೊತೆ ಕೂತು ಆಡುತ್ತಾನೆ. ಗುಂಪಿಗೆ ಕೇಳಲು ಪ್ರಶ್ನೆ ಇರುವುದಿಲ್ಲ. ಅವಳು ಪೆನ್ಸಿಲ್ ಕೆಳಗಿಟ್ಟಳು. ಕೈ ಬರದೆ ಇಟ್ಟದ್ದೋ ಬೇಕೆಂದೇ ಇಟ್ಟದ್ದೋ, ಇವತ್ತಿಗೂ ತೀರ್ಮಾನವಾಗಿಲ್ಲ. ಯುಗಾದಿ ಬಂತು, ಹೋಯಿತು.

ಸೇರುವುದು ಚಿಕ್ಕಬಳ್ಳಾಪುರದಲ್ಲಿ, ಗುಂಪಿನವನೇ ಆದ ಚಿರಂಜೀವಿಯ ಝೆರಾಕ್ಸ್ ಅಂಗಡಿಯಲ್ಲಿ ಎಂದಾಗಿತ್ತು. ಈ ಕಡೆಯವರು ನಾಲ್ಕೇ ಜನ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಂಗಡಿಯ ಷಟರನ್ನು ಅರ್ಧ ಎಳೆದು, ಯಂತ್ರಕ್ಕೆ ಬಟ್ಟೆ ಹೊದಿಸಿ, ಬೈಂಡಿಂಗ್ ಮಾಡುವ ಮೇಜನ್ನು ಖಾಲಿ ಮಾಡಿದ್ದ. ಮುನಿಶಾಮಪ್ಪ ಜಂಗಮಕೋಟೆಯಿಂದ ಬಂದು ಆಗಲೇ ಕೂತಿದ್ದರು. ಹಾಲಿನ ಡೈರಿಯಲ್ಲಿ ಸೆಕ್ರೆಟರಿಯಾಗಿ ರಿಟೈರಾದವರು, ಗುಂಪಿನಲ್ಲೆಲ್ಲ ಹಿರಿಯರು. ಅವಳು ಬಗ್ಗಿ ಒಳಗೆ ಬಂದಾಗ ಚನ್ನಕೇಶವ ಎದ್ದು ನಿಂತ. ಫೋಟೋದಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದ. ಇಸ್ತ್ರಿ ಮಾಡಿದ ಷರ್ಟಿನ ಮೇಲೆ ಕಾಲರಿನ ಹತ್ತಿರ ಗೆರೆ ತಪ್ಪಿ ಸುಟ್ಟ ಒಂದು ಕಂದು ಗುರುತಿತ್ತು, ತಾನೇ ಇಸ್ತ್ರಿ ಮಾಡಿಕೊಂಡಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

"ಮನೆಯವರು ಬರ್ಲಿಲ್ವಾ?" ಎಂದಳು.

"ಅವಳು ಯುಗಾದಿಗೆ ತವರಿಗೆ ಹೋದಳಲ್ಲ, ಅಂಬಾಜಿದುರ್ಗದ ಹತ್ರ, ಇನ್ನೂ ಬಂದಿಲ್ಲ." ನಗುತ್ತಲೇ ಹೇಳಿದ.

"ಆಷಾಢ ಅಲ್ವೇನಪ್ಪ, ಇರ್ಲಿ ಬಿಡು, ಹೊಸ ಮದುಮಗಳು," ಎಂದು ಮುನಿಶಾಮಪ್ಪ ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಯುಗಾದಿ ಎಂಬ ಮಾತು ಭಾನುಪ್ರಿಯಾಳ ಕಿವಿಯಲ್ಲಿ ಉಳಿದುಕೊಂಡಿತು.

ಸಂತೆಬೀದಿ ಎರಡು ಆಟ ಆಡಿದರು. ಕಾರ್ಡುಗಳ ಅಂಚು ಸವೆದು ಬಟ್ಟೆಯಂತಾಗಿದ್ದವು. ಆಡುವುದಕ್ಕಿಂತ ಊಹೆಯೇ ಹೆಚ್ಚು. ಕಂಪನಿಯವರು ಹೋದ ವಾರ ಹಾಕಿದ ಫೋಟೋ ಒಂದನ್ನು ಚಿರಂಜೀವಿ ದೊಡ್ಡದಾಗಿ ಪ್ರಿಂಟ್ ಮಾಡಿಟ್ಟಿದ್ದ. ಒಂದು ಟೀ ಲೋಟ, ಹಿಂದೆ ಗೋಡೆ, ಗೋಡೆಯ ಮೇಲೆ ಮಂಜಾದ ಕ್ಯಾಲೆಂಡರು. "ನೋಡಿ ತಾತ, ಇದು ನವೆಂಬರ್ ಪುಟ. ಈಗ ಜುಲೈ. ಯಾಕೆ ಮುಂದಕ್ಕೆ ತಿರುಗಿಸವ್ರೆ?" ಮುನಿಶಾಮಪ್ಪ ಕನ್ನಡಕ ತೆಗೆದು ಹತ್ತಿರ ಹಿಡಿದು, "ಅದು ಹೋದ ವರ್ಷದ ಕ್ಯಾಲೆಂಡ್ರು ಕಣಪ್ಪ, ಹರಿದಾಕಿಲ್ಲ ಅಷ್ಟೆ," ಎಂದರು. ಅವಳೂ ನಕ್ಕಳು. ಎಷ್ಟೋ ವರ್ಷದ ಮೇಲೆ ನಾಲ್ಕು ಜನರ ನಡುವೆ ಕೂತು ನಕ್ಕಿದ್ದಳು, ಮೊಣಕೈ ಪಕ್ಕದವನ ಮೊಣಕೈಗೆ ತಾಗುವಷ್ಟು ಹತ್ತಿರ. ಆಗ ಚಿರಂಜೀವಿ ದನಿ ಇಳಿಸಿ ಹೇಳಿದ.

"ಇನ್ನೊಂದು ವಿಷಯ ಐತೆ. ಬೆಂಗಳೂರಲ್ಲಿ ನನ್ನ ಫ್ರೆಂಡ್ ಹೇಳ್ದ. ಚಿತ್ರ ಬರೆಯೋರು ಕೈ ಕೊಟ್ಟು ಹೋದ್ರಂತೆ. ಅರ್ಧ ಬರೆದು ಫೋನೇ ಎತ್ತಲಿಲ್ವಂತೆ."

"ಯಾವನೋ ಅವ್ನು?"

"ಅವನಲ್ಲ ತಾತ, ಯಾರೋ ಲೇಡಿ ಅಂತೆ."

ಮುನಿಶಾಮಪ್ಪ ಕೈಯಲ್ಲಿದ್ದ ಕಾರ್ಡು ಕೆಳಗಿಟ್ಟರು. "ಒಪ್ಕೊಂಡ ಮೇಲೆ ಮಾಡ್ಬೇಕಪ್ಪ. ಆಗಲ್ಲ ಅಂದ್ರೆ ಆಗಲ್ಲ ಅನ್ಬೇಕು. ಬಾಯಿಲ್ವಾ?"

"ಅದೇ ಮತ್ತೆ, ಬಾಯಿಲ್ವಾ?" ಎಂದಳು ಭಾನುಪ್ರಿಯಾ. ಅವರ ಮಾತನ್ನೇ, ಅವರಿಗಿಂತ ಜೋರಾಗಿ. ಹೇಳಿದ ಮೇಲೆ ಮುಖ ಬಿಸಿಯಾಯಿತು. ಚಿರಂಜೀವಿ, "ಅಕ್ಕ ನೋಡಿ, ನಮಗಿಂತ ಸಿಟ್ಟು," ಎಂದು ನಕ್ಕ. ಅವಳ ಸರದಿ ಬಂದಿತ್ತು. ಯಾವ ಕಾರ್ಡು ಇಟ್ಟಳೋ ನೋಡಲಿಲ್ಲ. ಗೆಲ್ಲುವ ಕಾರ್ಡನ್ನೇ ಕೊಟ್ಟುಬಿಟ್ಟಿದ್ದಳು. ಚನ್ನಕೇಶವ ಅದನ್ನು ಮೆಲ್ಲನೆ ಅವಳ ಕಡೆಗೇ ತಳ್ಳಿ, "ಬೇರೆ ಇಡಿ ಭಾನು ಅವರೇ, ನೋಡ್ಲಿಲ್ಲ ಅನ್ಕೋತೀವಿ," ಎಂದ. ಆ ದಯೆಯನ್ನು ತಡೆದುಕೊಳ್ಳಲಾಗಲಿಲ್ಲ.

ಮೂರು ಗಂಟೆಗೆ ಎಲ್ಲರೂ ಎದ್ದರು. ಬಸ್ ಸ್ಟ್ಯಾಂಡಿಗೆ ಅವಳೂ ಚನ್ನಕೇಶವನೂ ಒಟ್ಟಿಗೆ ನಡೆದರು. ಗೌರಿಬಿದನೂರಿನ ಬಸ್ಸು ನಿಂತಿತ್ತು, ಡ್ರೈವರ್ ಇರಲಿಲ್ಲ. ಕಲ್ಲು ಬೆಂಚಿನ ಮೇಲೆ ಕೂತರು. ಅವನು ಎರಡು ಸೀಬೆಹಣ್ಣು ಕೊಂಡು ಒಂದನ್ನು ಅವಳಿಗೆ ಕೊಟ್ಟ. "ಆಟ ಬರಲಿಲ್ಲ ಅಂತ ಹೋದ್ಲು ಅಂತಲ್ಲ," ಎಂದ, ಯಾರೂ ಕೇಳದಿದ್ದರೂ. "ಆದ್ರೆ ಯುಗಾದಿಗೆ ಬರುತ್ತೆ ಅಂತ ನಾನು ಹೇಳಿದ್ದೆ. ಮೇಜು ಒರೆಸಿ ಇಟ್ಟಿದ್ಲು. ಹಬ್ಬದ ದಿನ ಬೆಳಗ್ಗೆ ಕೂಡ ಕೇಳಿದ್ಲು, ಇನ್ನೂ ಬಂದಿಲ್ವಾ ಅಂತ. ಸಾಯಂಕಾಲ ಬ್ಯಾಗ್ ಹಾಕೊಂಡು, ಅಮ್ಮನ ಮನೆಗೆ ಹೋಗಿ ಬರ್ತೀನಿ ಅಂದ್ಲು. ಬೇರೇನೂ ಜಗಳ ಇಲ್ಲ. ನಾನು ತಡೀಲಿಲ್ಲ. ತಡೆಯೋಕೆ ಏನಾದ್ರೂ ಮಾತಾಡ್ಬೇಕಲ್ಲ."

"ಅದು ನಾನೇ," ಎಂದಳು.

"ಏನು?"

"ಚಿತ್ರ ಬರೆಯೋಳು. ಕೈ ಕೊಟ್ಟು ಹೋದೋಳು."

ಅವನು ತಮಾಷೆ ಎಂದುಕೊಂಡು ನಕ್ಕ. ಅವಳು ಫೋನು ತೆಗೆದು ಕೊಟ್ಟಳು. ಒಂದೊಂದಾಗಿ ನೋಡತೊಡಗಿದ. ತೂಬಿನ ಕಲ್ಲು ಎತ್ತುವವನು, ಕೆಸರಲ್ಲಿ ಮೀನು ಹಿಡಿಯುವವರು, ಕೆರೆ ಏರಿಯ ಮೇಲೆ ಬುತ್ತಿ ಹೊತ್ತ ಹೆಂಗಸು. ಡ್ರೈವರ್ ಬಂದು ಹತ್ತಿದ, ಕಂಡಕ್ಟರ್ ಗೌರಿಬಿದ್ನೂರ್ ಗೌರಿಬಿದ್ನೂರ್ ಎಂದು ಕೂಗಿದ, ಬಸ್ಸು ಹೊರಟುಹೋಯಿತು, ಅವನು ಏಳಲಿಲ್ಲ. ನಲವತ್ತೇಳನ್ನೂ ನೋಡಿದ. ಚೆನ್ನಾಗಿದೆ ಎನ್ನುತ್ತಾನೆಂದು ಅವಳು ಕಾಯುತ್ತಿದ್ದಳು, ಕಾಯುತ್ತಿರುವುದಕ್ಕೆ ನಾಚಿಕೆಯಾಗುತ್ತಿತ್ತು.

"ಯಾಕೆ ನಿಲ್ಲಿಸಿದ್ರಿ?"

"ಗೊತ್ತಿಲ್ಲ."

"ಹುಷಾರಿರ್ಲಿಲ್ವಾ?"

ಹೌದು ಎನ್ನಬಹುದಿತ್ತು. ಅವನೇ ದಾರಿ ಮಾಡಿಕೊಟ್ಟಿದ್ದ. "ಚೆನ್ನಾಗೇ ಇದ್ದೆ," ಎಂದಳು.

ಅವನು ಫೋನನ್ನು ಬೆಂಚಿನ ಮೇಲೆ, ಇಬ್ಬರ ನಡುವೆ ಇಟ್ಟ. "ನಾನು ದಿನಾ ಬೆಳಗ್ಗೆ ಎದ್ದು ಕೇಳ್ತಿದ್ದೆ. ನೀವು ಓದ್ತಿದ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ, ಟಿಕೆಟ್ ಕಿಟಕಿಯಲ್ಲಿ ಗಾಡಿ ಹೊರಟುಹೋಯಿತು ಎನ್ನುವಾಗಿನ ದನಿ ಅದು. "ಯುಗಾದಿ ಅಂತ ನೀವು ಹೇಳಿದ್ದಕ್ಕೆ ನಾನು ಅವಳಿಗೆ ಹೇಳ್ದೆ." ಆಮೇಲೆ ಎದ್ದು, ಮಂಚೇನಹಳ್ಳಿ ಕಡೆ ಹೋಗುವ ಇನ್ನೊಂದು ಬಸ್ಸಿನ ಹತ್ತಿರ ಹೋಗಿ ವಿಚಾರಿಸಿ, ಹತ್ತಿ, ಆಚೆ ಬದಿಯ ಸೀಟಿನಲ್ಲಿ ಕೂತ. ಬಸ್ಸು ತಿರುಗಿದಾಗ ಅವನ ತಲೆಯ ಹಿಂಭಾಗ ಕಂಡಿತು. ಅವಳ ಕೈಯಲ್ಲಿ ಸೀಬೆಹಣ್ಣು ಹಾಗೇ ಇತ್ತು.

ಚಿಂತಾಮಣಿಯ ಬಸ್ಸು ಊರು ದಾಟುವಷ್ಟರಲ್ಲಿ ಅವಳು ಸಿದ್ಧಾರ್ಥನಿಗೆ ಫೋನು ಮಾಡಿದಳು. ಈಗ ಕಳೆದುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ, ಹಾಗಾಗಿ ಅದು ಅಷ್ಟು ಸುಲಭವಾಯಿತು. ಎರಡನೆಯ ರಿಂಗಿಗೇ ಎತ್ತಿದ.

"ಹಲೋ, ಯಾರು?"

ಅವಳ ನಂಬರು ಅವನ ಫೋನಿನಲ್ಲಿ ಉಳಿದಿರಲಿಲ್ಲ. ಹೆಸರು ಹೇಳಿದಳು. "ಓ, ಭಾನುಪ್ರಿಯಾ ಮೇಡಂ! ಹೇಗಿದೀರಾ? ಎಷ್ಟು ದಿನ ಆಯ್ತು!" ಎಂದ, ದೂರದ ನೆಂಟರನ್ನು ಮದುವೆಮನೆಯಲ್ಲಿ ಮಾತಾಡಿಸುವವನ ಹಾಗೆ. ಅವಳು ಒಂದೂವರೆ ವರ್ಷದಿಂದ ಜೋಡಿಸಿಟ್ಟ ಮಾತುಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ತಪ್ಪಾಯಿತು, ಜ್ವರ ಎಂದಿದ್ದು ಸುಳ್ಳು, ನನ್ನಿಂದ ಎಷ್ಟು ಜನ ಕಾಯುವ ಹಾಗಾಯಿತು, ಉಳಿದದ್ದನ್ನು ಹತ್ತು ದಿನದಲ್ಲಿ ಬರೆದುಕೊಡುತ್ತೇನೆ.

"ಅಯ್ಯೋ ಮೇಡಂ, ಅದನ್ನ ಹೋದ ವರ್ಷ ಮೇನಲ್ಲೇ ಬೇರೆಯವರಿಗೆ ಕೊಟ್ವಿ. ಸ್ಟೈಲ್ ಒಂದೇ ಥರ ಇರ್ಲಿ ಅಂತ ಅರವತ್ತೂ ಹೊಸದಾಗಿ ಬರೆಸಿದ್ವಿ. ನಿಮಗೆ ಮೇಲ್ ಹಾಕಿದ್ನಲ್ಲ, ನೋಡ್ಲಿಲ್ವಾ?"

"ಮತ್ತೆ ಇಷ್ಟು ತಡ..."

"ಅದು ಚಿತ್ರದಿಂದಲ್ಲ ಮೇಡಂ. ನಾಲ್ಕು ಜನ ಆಡಿದ್ರೆ ಕಟ್ಟಕಡೆಯ ಕೆರೆಯವನಿಗೆ ನೀರೇ ಬರ್ತಿರ್ಲಿಲ್ಲ. ಅವನು ಸುಮ್ನೆ ಕೂತಿರ್ಬೇಕಾಗ್ತಿತ್ತು. ಅದನ್ನ ಸರಿ ಮಾಡೋಕೆ ಒಂದು ವರ್ಷ ಹಿಡೀತು. ನೀವು ಯಾಕೆ ಮನಸ್ಸಿಗೆ ಹಚ್ಕೊಂಡ್ರಿ?" ದೀಪಾವಳಿಗೆ ಮುಂಚೆ ಬಂದೇ ಬರುತ್ತದೆ, ಪ್ರಿಂಟಿಗೆ ಹೋಗಿಯಾಯಿತು, ಇನ್ನೂ ಹೊರಗೆ ಹೇಳಿಲ್ಲ, ನಿಮಗೆ ಒಂದು ಪೆಟ್ಟಿಗೆ ಕಳಿಸ್ತೀನಿ, ವಿಳಾಸ ಹಾಕಿ ಎಂದ. ಯಾರೋ ಅವನನ್ನು ಕರೆದರು. ಬರ್ತೀನಿ ಮೇಡಂ ಎಂದು ಇಟ್ಟ.

ಫೋನು ಮಡಿಲಲ್ಲಿಟ್ಟುಕೊಂಡು ಕೂತಳು. ಬಿಡುಗಡೆಯಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಒಂದೂವರೆ ವರ್ಷ ಅವಳು ಎಲ್ಲರನ್ನೂ ತಡೆದು ನಿಲ್ಲಿಸಿದ್ದಳು. ದುಬೈಯವನನ್ನು, ಮುನಿಶಾಮಪ್ಪನವರನ್ನು, ಗೌರಿಬಿದನೂರಿನ ಒಂದು ಮನೆಯ ಮೇಜನ್ನು. ಅವಳು ಯಾರನ್ನೂ ತಡೆದಿರಲೇ ಇಲ್ಲ. ದಿಂಬಿನ ಕೆಳಗೆ ಬಡಿದುಕೊಳ್ಳುತ್ತಿದ್ದ ಅವನ ಕರೆಗಳು ನಿಂತದ್ದು ಬೇಸರದಿಂದಲ್ಲ, ಕೆಲಸ ಬೇರೆಯವರ ಕೈಗೆ ಹೋದದ್ದರಿಂದ. ಗಾಳಿ ಜೋರಾಗಿ ಮುಂದಿನ ಸೀಟಿನವರು ಕಿಟಕಿ ಎಳೆದುಕೊಂಡರು. ಅವಳಿಗೆ ಅಳು ಬಂತು. ಯಾವುದಕ್ಕೆ ಎಂದು ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ, ಕೇಳುವವರೂ ಇರಲಿಲ್ಲ.

ಶಿಡ್ಲಘಟ್ಟ ದಾಟಿದ ಮೇಲೆ ಚನ್ನಕೇಶವನಿಗೆ ಬರೆದಳು: 'ದೀಪಾವಳಿಗೆ ಮುಂಚೆ ಬರುತ್ತೆ. ಈಗಷ್ಟೇ ಕಂಪನಿಯವರೇ ಹೇಳಿದರು, ಪ್ರಿಂಟಿಗೆ ಹೋಗಿದೆ. ಹರಿತಾ ಅವರಿಗೆ ನೀವೇ ಹೋಗಿ ಹೇಳಿ.' ಅದರ ಕೆಳಗೆ ಇನ್ನೊಂದು ಸಾಲು ಬರೆದಳು: 'ತಡ ಆಗಿದ್ದು ನನ್ನಿಂದ ಅಲ್ಲವಂತೆ.' ಆ ಸಾಲನ್ನು ಎರಡು ಮೂರು ಸಲ ಓದಿದಳು. ಸತ್ಯವೇ. ಅದನ್ನು ಕಳಿಸಿದರೆ ಅವನು ಅಯ್ಯೋ ಪಾಪ ಎಂದುಕೊಂಡಾನು, ಕ್ಷಮಿಸಿಯೂ ಬಿಟ್ಟಾನು, ಆಮೇಲೆ ಅವಳ ಬಗ್ಗೆ ಯೋಚಿಸಲು ಅವನಿಗೆ ಏನೂ ಉಳಿಯುವುದಿಲ್ಲ. ಅಪರಾಧಿಯಾಗಿಯಾದರೂ ಆ ಮನೆಯ ಮೇಜಿನ ಒಂದು ಬದಿಗೆ ತಾನು ಕೂತಿರಬಹುದು. ಅವರಿಬ್ಬರೂ ಆಡುವಾಗ ಎಂದೋ ಒಮ್ಮೆ ಅವನು ತಲೆಯೆತ್ತಿ, ಒಬ್ಬಳಿದ್ದಳು, ನಮ್ಮನ್ನು ಎಷ್ಟು ಕಾಯಿಸಿದಳು ಎಂದು ಹರಿತಾಳಿಗೆ ಹೇಳಬಹುದು. ಅವಳು ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಮೊದಲಿನದಷ್ಟನ್ನೇ ಕಳಿಸಿದಳು.

ಬಸ್ಸು ಚಿಂತಾಮಣಿಯ ಸ್ಟ್ಯಾಂಡಿಗೆ ತಿರುಗುವಾಗ ಉತ್ತರ ಬಂತು. 'ಸರಿ ಮೇಡಂ.' ಅವನು ಅವಳನ್ನು ಮೇಡಂ ಎಂದದ್ದು ಅದೇ ಮೊದಲು. ಜನ ಇಳಿಯತೊಡಗಿದರು. ಅವಳು ಎಲ್ಲರೂ ಇಳಿಯಲಿ ಎಂದು ಕೂತೇ ಇದ್ದಳು, ಕಂಡಕ್ಟರ್ ಬಂದು ಲಾಸ್ಟ್ ಸ್ಟಾಪಮ್ಮ ಎಂದು ಸೀಟಿನ ಬೆನ್ನು ತಟ್ಟುವವರೆಗೂ.